ಸರಳಿನ ಮೇಲಿನ ಎರಡನೇ ಗುರುತು

ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳಲು ಕುಳಿತರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಆ ವಾಸನೆಗೆ ತಲೆ ನೋಯುತ್ತದೆ ಎಂದು ಅವಳಿಗೆ ಹೇಳಿದ್ದೇನೆ. ಅದು ಸುಳ್ಳು. ನಾನು ಹೇಳಿದ ಸುಳ್ಳುಗಳಲ್ಲಿ ಅದು ತೀರ ಸಣ್ಣದು.

ಮೊನ್ನೆ ಹಾಗೆಯೇ ಎದ್ದು ಬಂದು ಕಟ್ಟೆಯ ಮೇಲೆ ನಿಂತಿದ್ದೆ. ಬನಹಟ್ಟಿಯ ನಮ್ಮ ಓಣಿಗೆ ಗರಸು ಮಣ್ಣು ಹಾಕಲು ಟ್ರ್ಯಾಕ್ಟರ್ ಬಂದಿತ್ತು. ಮುಂದೆ ಲೋಡರ್, ಅದರ ಎರಡು ಕಬ್ಬಿಣದ ತೋಳುಗಳ ತುದಿಗೆ ಬಕೆಟ್. ಆ ಬಕೆಟ್ಟಿನ ಮಗ್ಗುಲಿಗೆ ಡ್ರೈವರ್ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಅಡ್ಡಡ್ಡ ಬಿಗಿದಿದ್ದ. ಬಾಟಲಿಯಲ್ಲಿ ಅರ್ಧ ನೀರು. ಬಕೆಟ್ ಮುಂದಕ್ಕೆ ವಾಲಿದರೆ ನೀರು ಮುಂದಕ್ಕೆ ಸರಿಯುತ್ತಿತ್ತು. ಸಪಾಟಾಗಿ ನಿಂತರೆ ನೀರಿನ ಗೆರೆ ಬಾಟಲಿಯ ಉದ್ದಕ್ಕೂ ಒಂದೇ ಸಮ ನಿಲ್ಲುತ್ತಿತ್ತು.

ಬೆನ್ನ ಹಿಂದೆ ಉಗುರುಬಣ್ಣದ ವಾಸನೆ, ಕಣ್ಣ ಮುಂದೆ ಆ ಬಾಟಲಿ... ನನ್ನ ಅಣ್ಣ ಬಂದು ಪಕ್ಕದಲ್ಲಿ ನಿಂತಂತಾಯಿತು.

ನಾನು ಶಾಲೆ ಕಲಿತದ್ದು ಏಳನೇ ಇಯತ್ತೆಯವರೆಗೆ. ಲಗ್ನವಾದ ಮೇಲೆ ಕಿರಾಣಿ ಚೀಟಿ ಬಿಟ್ಟರೆ ಬೇರೆ ಏನನ್ನೂ ಬರೆದವಳಲ್ಲ. ಇದನ್ನು ಬರೆಯಬೇಡ ಎಂದು ಮನೆಯಲ್ಲಿ ಹೇಳಿದ್ದಾರೆ. ಬರೆಯುತ್ತೇನೆ. ಹದಿನೆಂಟು ವರ್ಷ ಎಲ್ಲರೂ ಅಣ್ಣನ ಬಗ್ಗೆ ಮಾತಾಡಿದರು, ನಾನು ಸುಮ್ಮನಿದ್ದೆ. ಈಗ ಅವರು ಸ್ವಲ್ಪ ಹೊತ್ತು ಸುಮ್ಮನಿರಲಿ.

ನಮ್ಮ ತವರು ರಬಕವಿ. ಅಪ್ಪ ಮಗ್ಗದ ಕುಣಿಯಲ್ಲೇ ಹುಟ್ಟಿದವನಂತೆ ಬದುಕಿ, ಅಲ್ಲೇ ಕೆಮ್ಮುತ್ತ ಹೋದ. ಆಗ ಅಣ್ಣನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಬಂಧುಗಳೆಲ್ಲ ಸೇರಿ ಅವನನ್ನು ಮಗ್ಗಕ್ಕೆ ಕೂಡಿಸಲು ನೋಡಿದರು. ಅವನು ಕೂಡಲಿಲ್ಲ. "ಕುಣಿಯೊಳಗ ಕಾಲ ಬಿಟ್ಟ ಕುಂಡ್ರಾಕ ನಾ ಏನ್ ಬಾಳಿಗಿಡ ಏನು?" ಎಂದು ಎದ್ದು ಹೋದವನು ಲೋಕಾಪುರದ ಒಬ್ಬ ಮಾಲೀಕರ ಹತ್ತಿರ ಟ್ರ್ಯಾಕ್ಟರ್ ಕಲಿತ. ಆ ಮಾಲೀಕರಿಗೆ ನಾಲ್ಕೈದು ಗಾಡಿಗಳಿದ್ದವು. ಲೋಡರ್ ಇದ್ದ ಗಾಡಿಯನ್ನು ಅಣ್ಣನ ಕೈಗೆ ಕೊಟ್ಟರು. ಅದು ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಸಮೀರವಾಡಿ ಕಡೆ ಕಬ್ಬಿನ ಹೊಲಗಳಿಗೆ ಗೊಬ್ಬರ ಹರಡುವುದು, ಮುಧೋಳ ರಸ್ತೆಯಲ್ಲಿ ಗರಸು ತುಂಬುವುದು, ಮನೆಗಳ ಬುನಾದಿಗೆ ಮಣ್ಣು ಹಾಕುವುದು, ಎಲ್ಲಾ ಮಾಡುತ್ತಿದ್ದ.

ಮಗ್ಗ ಬಿಟ್ಟರೂ ನೇಕಾರನ ಕಣ್ಣು ಅವನನ್ನು ಬಿಟ್ಟಿರಲಿಲ್ಲ. ಒಂದು ಎಳೆ ಸಡಿಲಾದರೆ ಅಪ್ಪನಿಗೆ ಹೇಗೆ ಕಾಣುತ್ತಿತ್ತೋ, ಬಕೆಟ್ ಒಂದು ಬೆರಳು ವಾಲಿದರೆ ಇವನಿಗೆ ಹಾಗೆ ಕಾಣಬೇಕಿತ್ತು. ಆದರೆ ಡ್ರೈವರನ ಸೀಟಿನಿಂದ ಬಕೆಟ್ಟಿನ ತಳ ಕಾಣುವುದಿಲ್ಲ. ಬೆನ್ನು ಮಾತ್ರ ಕಾಣುತ್ತದೆ. ತಳ ಸಪಾಟಾಗಿದೆಯೋ ಇಲ್ಲವೋ ಎಂದು ಪ್ರತಿ ಸಲ ಇಳಿದು ಬಗ್ಗಿ ನೋಡಬೇಕು. ಇಳಿದು ನೋಡುವುದು ಅವನಿಗೆ ಅವಮಾನ.

ಮೊದಲು ಕಂಡಿಕೆಯ ನೂಲಿಗೆ ಒಂದು ನಟ್ಟು ಕಟ್ಟಿ ಬಕೆಟ್ಟಿನ ಮಗ್ಗುಲಿಗೆ ಇಳಿಬಿಟ್ಟ, ಗೋಡೆ ಕಟ್ಟುವ ಗವಂಡಿಗಳ ತೂಕದ ಗುಂಡಿನ ಹಾಗೆ. ಎಂಜಿನ್ ಶುರುವಾದರೆ ಅದು ಕುಣಿಯುತ್ತಿತ್ತು, ಗಾಳಿ ಬಂದರೆ ಬಕೆಟ್ಟಿಗೇ ಸುತ್ತಿಕೊಳ್ಳುತ್ತಿತ್ತು. ಆಮೇಲೆ ನೆರಳು ನೋಡಿ ಅಂದಾಜು ಮಾಡಿದ. ಮೋಡ ಬಂದ ದಿನ ಅದೂ ಕೆಟ್ಟಿತು. ಕೊನೆಗೆ ಬಾಟಲಿ. ಆದರೆ ದುಂಡಗಿನ ಬಾಟಲಿ ಉರುಳಿ ಉರುಳಿ ಸಡಿಲಾಗುತ್ತದೆಂದು, ಚಪ್ಪಟೆಯಾದದ್ದೇ ಬೇಕೆಂದು, ಎಲ್ಲೋ ಹಾದಿಯಲ್ಲಿ ಬಿದ್ದಿದ್ದ ಬ್ರಾಂಡಿಯ ಖಾಲಿ ಕ್ವಾರ್ಟರ್ ಬಾಟಲಿ ತಂದು ತೊಳೆದ. ನೀರು ದೂರದಿಂದ ಕಾಣಲೆಂದು ಚಿಟಿಕೆ ಅರಿಶಿಣ ಹಾಕಿದ. ತಂತಿಯಿಂದ ಬಕೆಟ್ಟಿಗೆ ಬಿಗಿದ.

ಅವ್ವ ಅಂಗಳ ಸಾರಿಸಲು ಬಂದವಳು ಅದನ್ನು ನೋಡಿ ನಿಂತಳು.

"ಬಕೆಟ್ಟಿಗೆ ಬಾಟ್ಲಿ ಕಟ್ಟೀಯಲ್ಲೋ, ಅದಕ್ಕ ಹಾಲು ಕುಡಸಾಕತ್ತೀಯೇನು?"

"ಹಾಲಲ್ಲ ಬೇ, ಅರಿಶಿಣದ ನೀರು. ಸಪಾಟ ಐತೋ ಇಲ್ಲೋ ಹೇಳತೈತಿ."

"ನಿನಗ ಅದನ್ನ ಹೇಳತೈತಿ. ಊರಿಗೆ ಬ್ಯಾರೇನ ಹೇಳತೈತಿ. ಮೊದಲ ತಗಿ ಅದನ್ನ."

ಅವನು ನಕ್ಕ. ಒಂದು ತಿಂಗಳು ಹಾಗೇ ಓಡಾಡಿದ. ಹಳದಿ ನೀರಿನ ಚಪ್ಪಟೆ ಬಾಟಲಿ ಟ್ರ್ಯಾಕ್ಟರಿನ ಮುಂದೆ ಕಟ್ಟಿಕೊಂಡು ರಬಕವಿ, ಬನಹಟ್ಟಿ, ತೇರದಾಳ ಎಲ್ಲಾ ತಿರುಗಿದ. ಜನ ನೋಡಿದರು. ನೋಡಿದ್ದನ್ನು ಇಟ್ಟುಕೊಂಡರು.

ಅವನಿಗೂ ಬಾಟಲಿ ಸಾಲಲಿಲ್ಲ. ಗೊಬ್ಬರ ಸಿಡಿದರೆ ಕಾಣುತ್ತಿರಲಿಲ್ಲ. ಹೀಗಾಗಿ ಸರಳು ಮಾಡಿದ. ಬೆರಳು ದಪ್ಪದ ಒಂದು ಉದ್ದ ಕಬ್ಬಿಣದ ಸರಳು. ಅದರ ಒಂದು ತುದಿ ಬಕೆಟ್ಟಿನ ಬೆನ್ನಿಗೆ ಸಿಕ್ಕಿಸಿದ್ದು, ಇನ್ನೊಂದು ತುದಿ ಲೋಡರಿನ ತೋಳಿಗೆ ಬೆಸೆದ ಗಿಡ್ಡ ಪೈಪಿನೊಳಗೆ ತೂರಿ ಆಚೆ ಬಂದದ್ದು. ಬಕೆಟ್ ಬಾಗಿದಂತೆ ಸರಳು ಪೈಪಿನೊಳಗೆ ಹಿಂದೆ ಮುಂದೆ ಸರಿಯುತ್ತಿತ್ತು. ಬಕೆಟ್ಟನ್ನು ನೆಲದ ಮೇಲೆ ಸಪಾಟಾಗಿ ಇಟ್ಟು, ಪೈಪಿನ ಬಾಯಿಗೆ ಸರಿಯಾಗಿ ಸರಳಿನ ಮೇಲೆ ಗುರುತು ಹಾಕಿದರೆ ಆಯಿತು. ಆಮೇಲೆ ಇಳಿದು ನೋಡುವ ಕೆಲಸವಿಲ್ಲ. ಗುರುತು ಪೈಪಿನ ಬಾಯಿಗೆ ಬಂತೋ, ತಳ ಸಪಾಟು.

"ತಂಗಿ, ನಿನ್ನ ಉಗುರಿನ ಬಣ್ಣ ತಾ."

ಗುರುತಿಗೆ ನನ್ನ ಕೆಂಪು ಉಗುರುಬಣ್ಣವೇ ಆಯಿತು. ಸಂತೆಯಲ್ಲಿ ಕೊಂಡ ಹೊಸ ಶೀಶೆ. ಕೊಡಲು ಮನಸ್ಸಿರಲಿಲ್ಲ, ಕೊಟ್ಟೆ.

ಆದರೆ ಒಂದು ತೊಡಕು ಇತ್ತು. ತೋಳುಗಳು ಮೇಲಕ್ಕೆ ಏರಿದಂತೆ ಬಕೆಟ್ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ವಾಲುತ್ತದೆ. ನೆಲದ ಮೇಲಿನ ಗುರುತು ಎತ್ತರದಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ಅವನು ಬಕೆಟ್ಟನ್ನು ಎದೆಮಟ್ಟಕ್ಕೆ ಎತ್ತಿ, ಅದರೊಳಗೆ ಅವ್ವನ ಹಿಟ್ಟು ನಾದುವ ಪರಾತ ಇಟ್ಟು, ಪರಾತಕ್ಕೆ ನೀರು ಸುರಿದ. ನಾನು ಬಾನಿ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತು ನೀರನ್ನೇ ನೋಡುತ್ತಿದ್ದೆ. ಅವನು ಸೀಟಿನಿಂದ ಕೂಗುತ್ತಿದ್ದ, "ನಿಂತತೇನು?" ನಾನು "ಇನ್ನ ಸ್ವಲ್ಪ ಮುಂದ" ಎನ್ನುತ್ತಿದ್ದೆ. ನೀರು ನಾಲ್ಕೂ ಕಡೆ ಸಮನಾಗಿ ಪರಾತದ ಅಂಚು ಮುಟ್ಟಿದಾಗ "ನಿಂತತು" ಎಂದೆ. ಅವನು ಇಳಿದು ಬಂದು ಎರಡನೇ ಗುರುತು ಹಾಕಿದ. ಎರಡು ಗುರುತುಗಳ ನಡುವೆ ಬೆರಳಿಟ್ಟು ನೋಡಿ, "ಬರೊಬ್ಬರಿ ಮೂರು ಬೆರಳ" ಎಂದ.

ಆ ನೀರು ನೋಡಿ ಹೇಳಿದವಳು ನಾನು ಎಂಬ ಜಂಬ ನನಗೆ ಬಹಳ ದಿನ ಇತ್ತು... ಆ ಜಂಬವೇ ಮುಂದೆ ಕೆಡಿಸಿತು.

ಕಾರ ಹುಣ್ಣಿವೆ ಬಂತು. ಎತ್ತುಗಳನ್ನು ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಸಂಜೆ ತೋರಣದ ಕರಿ ಹರಿಯಲು ಓಡಿಸುವ ಹಬ್ಬ. ನಮಗೆ ಎತ್ತು ಎಲ್ಲಿಂದ ಬರಬೇಕು? ನಮಗೆ ದುಡಿಯುವುದು ಟ್ರ್ಯಾಕ್ಟರ್. ಆ ದಿನ ಅಣ್ಣ ಲೋಕಾಪುರಕ್ಕೆ ಮಾಲೀಕರ ಮನೆಯ ಹಬ್ಬಕ್ಕೆ ಹೋಗಿದ್ದ. ನಾನು ಟ್ರ್ಯಾಕ್ಟರ್ ತೊಳೆದೆ, ಅರಿಶಿಣ ಕುಂಕುಮ ಹಚ್ಚಿದೆ. ಕೊಂಬು ಬೇಕಲ್ಲ? ತೋಳಿನ ಮೇಲೆ ಚಾಚಿಕೊಂಡಿದ್ದ ಆ ಸರಳು ನನಗೆ ಕೊಂಬಿನ ಹಾಗೆ ಕಂಡಿತು. ಮಗ್ಗುಲು ಮನೆಯವರು ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣ ಕೊಟ್ಟರು. ಸರಳಿನ ತುಂಬ ಗ್ರೀಸು ಮೆತ್ತಿತ್ತು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಗಸಗಸ ತಿಕ್ಕಿದೆ. ಗ್ರೀಸಿನ ಜೊತೆ ಕೆಂಪೂ ಹೋಯಿತು. ಬಟ್ಟೆ ಕೆಂಪಾದ ಮೇಲೆ ನನಗೆ ಗೊತ್ತಾದದ್ದು.

ಹೆದರಲಿಲ್ಲ. ಹೆದರಿದ್ದರೆ ಒಳ್ಳೆಯದಿತ್ತು. ಗುರುತು ಹಾಕುವಾಗ ನಾನೇ ಇದ್ದೆನಲ್ಲ ಎಂದುಕೊಂಡೆ. ಸರಳಿಗೆ ಹಸಿರು ಹಳದಿ ಪಟ್ಟೆ ಬಳಿದು, ಒಣಗಿದ ಮೇಲೆ ಉಗುರುಬಣ್ಣ ತಂದೆ. ಬಕೆಟ್ ನೆಲದ ಮೇಲೆ ಸಪಾಟಾಗಿಯೇ ಕುಳಿತಿತ್ತು, ಹೀಗಾಗಿ ಮೊದಲ ಗುರುತು ಪೈಪಿನ ಬಾಯಿಗೆ ಸರಿಯಾಗಿ ಬಿತ್ತು. ಎರಡನೆಯದಕ್ಕೆ ಬಕೆಟ್ ಎತ್ತಬೇಕು. ನನಗೆ ಎತ್ತಲು ಬರುವುದಿಲ್ಲ. ಮೂರು ಬೆರಳು ಎಂದಿದ್ದ. ಅವನ ಬೆರಳು ದಪ್ಪ, ನನ್ನವು ಸಣ್ಣ. ನನ್ನ ನಾಲ್ಕು ಇಟ್ಟು ನೋಡಿದೆ, ಕಡಿಮೆ ಅನ್ನಿಸಿತು. ಐದು ಇಟ್ಟೆ. ಗುರುತು ಹಾಕಿದೆ. ತುದಿಗೆ ಒಂದು ಗೊಂಡೆಯನ್ನೂ ಕಟ್ಟಿದೆ.

ಸಂಜೆ ಅಣ್ಣ ಬಂದು ನೋಡಿ ಬಿದ್ದು ಬಿದ್ದು ನಕ್ಕ. "ಇದಕ್ಕ ಹಗ್ಗ ಹಾಕಿ ಕರಿ ಹರಿಯಾಕ ಓಡಸೋಣೇನ?" ಎಂದ. ನಗುತ್ತಲೇ ಕೇಳಿದ, "ಗುರ್ತ ಹಂಗ ಅದಾವಿಲ್ಲೋ?"

ಹೇಳಬಹುದಿತ್ತು. ಅಳಿಸಿ ಹೋಗಿತ್ತು, ಮತ್ತೆ ಹಾಕಿದ್ದೇನೆ, ಒಮ್ಮೆ ಪರಾತ ಇಟ್ಟು ನೋಡಿಬಿಡು... ಇಷ್ಟೇ ಮಾತು. ಹಬ್ಬದ ದಿನ ಬೈಸಿಕೊಳ್ಳುವುದು ಯಾಕೆ ಅನ್ನಿಸಿತು.

"ಹಂಗ ಅದಾವು," ಎಂದೆ.

ಮರುದಿನ ಬನಹಟ್ಟಿಯಲ್ಲಿ ಕೆಲಸವಿತ್ತು. ನನ್ನನ್ನು ಸೊಸೆಯಾಗಿ ಕೇಳಿದ್ದ ಮನೆಯದೇ ಕೆಲಸ. ಮಾತು ಅರ್ಧ ಮುಗಿದಿತ್ತು. ಅವರು ಹೊಳೆಯ ನೀರು ಬರಬಾರದೆಂದು ಎದೆಮಟ್ಟದ ಕಟ್ಟೆ ಕಟ್ಟಿ, ಅದರ ಮೇಲೆ ಹೊಸ ಪವರ್‌ಲೂಮ್ ಶೆಡ್ ಹಾಕಿದ್ದರು. ಮೆಟ್ಟಿಲು ಇನ್ನೂ ಆಗಿರಲಿಲ್ಲ. ಒಳಗೆ ಬೀಮು ಏರಿಸಬೇಕಿತ್ತು. ಬೀಮು ಎಂದರೆ ಸಾವಿರಾರು ಎಳೆ ಸುತ್ತಿದ ಕಬ್ಬಿಣದ ದೊಡ್ಡ ಉರುಳೆ, ನಾಲ್ಕು ಗಂಡಸರು ಎತ್ತಬೇಕು. ಅಣ್ಣ ತಾನೇ ಹೇಳಿದ್ದನಂತೆ, "ನಾ ಬಕೆಟ್ಟಿನಾಗ ಇಟ್ಟು ಎತ್ತತೇನ್ರಿ ಕಾಕಾ, ಒಂದ ಎಳಿ ಅಲುಗಾಡಂಗಿಲ್ಲ."

ಮುಂಜಾನೆ ಅವರ ಅಂಗಳಕ್ಕೆ ಗರಸು ಹರಡಿದ. ಅದು ನೆಲದ ಕೆಲಸ, ಮೊದಲ ಗುರುತಿನದು. ಬರೊಬ್ಬರಿ ಬಂತು. ಸರಳಿನ ಮೇಲೆ ಅವನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಆಮೇಲೆ ಬೀಮು ಬಕೆಟ್ಟಿನಲ್ಲಿ ಅಡ್ಡ ಮಲಗಿಸಿದರು. ಬಕೆಟ್ ಹಿಂದಕ್ಕೆ ವಾಲಿಸಿಕೊಂಡೇ ಮೇಲೆತ್ತಿ, ಕಟ್ಟೆಯ ಅಂಚಿಗೆ ತಂದು, ಇನ್ನು ನಿಧಾನಕ್ಕೆ ಸಪಾಟು ಮಾಡಬೇಕು. ಆಗ ಮೇಲೆ ನಿಂತವರು ಬೀಮನ್ನು ಮೆಲ್ಲಗೆ ಕೈಯಿಂದ ಉರುಳಿಸಿಕೊಳ್ಳುತ್ತಾರೆ. ಮುಂದೆ ನಿಂತವರು ಆ ಮನೆಯ ಹಿರಿಯರು, ಅಣ್ಣ ಕಾಕಾ ಎನ್ನುತ್ತಿದ್ದವರು, ಈಗ ನನ್ನ ಮಾವನವರು. ಅಣ್ಣ ಸರಳು ನೋಡುತ್ತ ಎರಡನೇ ಗುರುತಿಗೆ ತಂದ. ನನ್ನ ಗುರುತಿಗೆ. ಬಕೆಟ್ಟಿನ ಮೂಗು ಒಂದು ಬೆರಳಿನಷ್ಟು ಕೆಳಗೆ ಬಾಗಿತು. ಬೀಮು ಯಾರ ಕೈಗೂ ಕಾಯದೆ ತಾನೇ ಉರುಳಿತು.

ನಾನು ಅಲ್ಲಿರಲಿಲ್ಲ. ಕಂಡಿಕೆ ಸುತ್ತುತ್ತ ಮನೆಯಲ್ಲಿ ಕುಳಿತಿದ್ದೆ. ಓಣಿಯವರೊಬ್ಬರು ಬಂದು, "ನಿಮ್ಮಣ್ಣ ಬೀಮ್ ಕೆಡವಿದ, ಕಾಕಾನ ಕಾಲು ಹೋತು," ಎಂದರು. ರಾಟೆ ತಿರುಗಿಸುತ್ತಿದ್ದ ಕೈ ಹಾಗೇ ನಿಂತಿತು. ಐದು ಬೆರಳು. ಆಗಲೇ ಗೊತ್ತಾಯಿತು ನನಗೆ. ಯಾರೂ ಹೇಳಬೇಕಾಗಿರಲಿಲ್ಲ.

ಜಮಖಂಡಿಯ ಆಸ್ಪತ್ರೆಗೆ ಒಯ್ದರು. ಕಾಲು ಉಳಿಯಿತು, ಎರಡು ಬೆರಳು ಹೋದವು, ಪಾದ ಸೊಟ್ಟಾಯಿತು. ಆಸ್ಪತ್ರೆಯ ಅಂಗಳದಲ್ಲೇ ಮಾತು ಹುಟ್ಟಿತು. "ಹುಣ್ಣಿವಿದು ಇನ್ನೂ ಇಳಿದಿಲ್ಲ ಅವಂಗ," ಎಂದ ಒಬ್ಬ. "ಮುಂದ ಬಾಟ್ಲಿ ಕಟಗೊಂಡ ಅಡ್ಡಾಡಾಂವಲ್ಲೇನ?" ಎಂದ ಇನ್ನೊಬ್ಬ. ಬಾಟಲಿ ಬಿಚ್ಚಿ ವರ್ಷವಾಗಿತ್ತು. ಅರಿಶಿಣದ ನೀರು ಎಂದು ಹೇಳಿದರೆ ನಂಬುವವರು ಯಾರು?

ಅಣ್ಣ ಅವರ ನಡುವೆ ನಿಂತು ಹೇಳಿದನಂತೆ, "ಕುಡದಿಲ್ಲ. ಎತ್ತಿದಾಂವ ನಾ, ಬಿತ್ತು. ಇದರಾಗ ಮೂರನೇ ಮಾತಿಲ್ಲ." ಕುಡಿದದ್ದು ತಪ್ಪಾಯಿತು ಎಂದು ಕಾಲು ಹಿಡಿ, ಎಲ್ಲಾ ಸರಿಹೋಗುತ್ತದೆ ಎಂದು ಹಿರಿಯರು ತಿಳಿಹೇಳಿದರು. ಅವನು ಆ ಮಾತು ಒಪ್ಪಲಿಲ್ಲ. ಕಾಲಿಗೆ ಬಿದ್ದ, ಕೆಡವಿದ್ದಕ್ಕೆ ಬಿದ್ದ. ಕುಡಿದದ್ದಕ್ಕೆ ಬೀಳಲಿಲ್ಲ.

ಆ ದಿನ ಮನೆಗೆ ಬಂದವನೇ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಸರಳನ್ನು ಬಿಚ್ಚಿ ಒಳಗೆ ಒಯ್ದ. ಸಿಟ್ಟಿಗೆ ಎಂದುಕೊಂಡೆ. ಕೈತೊಳೆದು ಬಂದು ಕುಳಿತು, "ಹೋಳಿಗಿ ಉಳದಾವೇನು?" ಎಂದು ಕೇಳಿದ. ನಾನು ತಾಟು ಹಿಡಿದುಕೊಂಡು ಅವನ ಮುಂದೆ ಕುಳಿತೆ.

"ಅಣ್ಣಾ, ಆ ಗುರ್ತ..."

"ತುಪ್ಪ ಹಾಕು."

"ಅಲ್ಲೋ, ನಿನ್ನಿ ನಾ..."

"ತುಪ್ಪ ಹಾಕಂದ್ನೆಲ್ಲ. ಒಣಾ ಹೋಳಿಗಿ ಹೆಂಗ ತಿನ್ನಲಿ?"

ಹಾಕಿದೆ. ಅವನು ತಿಂದ. ಕೇಳಿಸಿಕೊಳ್ಳಲಿಲ್ಲ, ಇನ್ನೊಮ್ಮೆ ಹೇಳಿದರಾಯಿತು ಎಂದುಕೊಂಡೆ. ಆ ಇನ್ನೊಮ್ಮೆ ಬರಲಿಲ್ಲ. ಬರದಂತೆ ನಾನೇ ನೋಡಿಕೊಂಡೆ ಎಂದರೂ ಸರಿ.

ವಾರದಲ್ಲಿ ಲೋಕಾಪುರದ ಮಾಲೀಕರು ಬಂದರು. ಕೆಟ್ಟವರಲ್ಲ. "ನೀ ಛಲೋ ಹುಡುಗ. ಆದ್ರ ನೀ ಎತ್ತಿದ ಬಕೆಟ್ಟಿನ ಮುಂದ ಇನ್ನ ಯಾರೂ ನಿಂದ್ರಾಂಗಿಲ್ಲಪಾ," ಎಂದರು. ಚಾವಿ ಒಯ್ದರು. ಗಾಡಿ ನಮ್ಮ ಅಂಗಳ ಬಿಟ್ಟು ಹೋಗುವಾಗ ಅದರ ಮೇಲೆ ನಾನು ಹಚ್ಚಿದ ಅರಿಶಿಣ ಇನ್ನೂ ಇತ್ತು.

ತಿಂಗಳಾದ ಮೇಲೆ ಬನಹಟ್ಟಿಯವರು ಬಂದರು. ಸಂಬಂಧ ಮುರಿಯಿತು ಎಂದು ಹೇಳಲು ಬಂದಿದ್ದಾರೆ ಎಂದು ಅವ್ವ ಅತ್ತು ಮುಗಿಸಿದ್ದಳು. ಮಾವನವರು ಕೋಲೂರಿಕೊಂಡು ಬಂದು ಕುಳಿತು, ನೀರು ಕುಡಿದು, ಹೇಳಿದರು, "ಹುಡುಗಿ ಏನ ಮಾಡೈತಿ? ತಪ್ಪು ಅಣ್ಣಂದು. ಅದರ ಸಿಟ್ಟು ಇಕಿ ಮ್ಯಾಲ ತಗ್ಯಾಕ ನಾ ಏನ ಅಷ್ಟು ಸಣ್ಣಾಂವಲ್ಲ."

ನಾನು ಪಡದೆಯ ಹಿಂದೆ ಚಹಾದ ಕಪ್ಪುಗಳನ್ನು ಹಿಡಿದು ನಿಂತಿದ್ದೆ. ಅಣ್ಣ ಬಾಗಿಲ ಹತ್ತಿರ ನಿಂತಿದ್ದ. ಪಡದೆಯ ಸಂದಿಯಿಂದ ಅವನ ಮುಖ ನನಗೆ, ನನ್ನ ಮುಖ ಅವನಿಗೆ ಕಾಣುತ್ತಿತ್ತು. ನನ್ನ ತುಟಿ ಅಲುಗಿದ್ದನ್ನು ನೋಡಿದನೋ ಏನೋ, ಅವಸರದಲ್ಲಿ ಹೇಳಿಬಿಟ್ಟ, "ಹೌದ್ರಿ ಕಾಕಾ. ತಪ್ಪು ನಂದ."

ಹೀಗೆ ನನ್ನ ಲಗ್ನವಾಯಿತು.

ಲಗ್ನದ ದಿನ ಮಂಟಪದಲ್ಲಿ ಗಂಡಿನ ಕಡೆಯ ಒಬ್ಬರು ಅಣ್ಣನನ್ನು ಕರೆದು, ನಾಲ್ಕು ಜನ ಕೇಳುವಂತೆ, "ಏನಪಾ, ಇವತ್ತರ ಸಪಾಟ ನಿಂತೀಯೇನು?" ಎಂದರು. ಎಲ್ಲರೂ ನಕ್ಕರು. ಅಣ್ಣ ಅವರ ಹತ್ತಿರ ಹೋಗಿ, ಬಗ್ಗಿ, ಬಾಯಿ ತೆರೆದು ಅವರ ಮೂಗಿಗೇ "ಹಾ" ಎಂದು ಉಸಿರು ಬಿಟ್ಟ. "ಮೂಸಿ ನೋಡ್ರಿ." ಅಲ್ಲಿಗೆ ನಿಲ್ಲಲಿಲ್ಲ. ಪಕ್ಕದವರಿಗೂ "ಹಾ". ಅವರ ಪಕ್ಕದವರಿಗೂ "ಹಾ". ಸಾಲಿನ ಕೊನೆಯವರೆಗೂ ಹೋದ. "ಉಳ್ಳಾಗಡ್ಡಿ ವಾಸನಿ ಬಂದ್ರ ಅದು ನಂದ, ಬ್ಯಾರೆ ವಾಸನಿ ಬಂದ್ರ ಅದು ನಿಮ್ದ," ಎಂದ. ನಕ್ಕವರ ನಗು ನಿಂತಿತು. ನಾನು ತಲೆ ತಗ್ಗಿಸಿ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ. ನನ್ನ ಉಗುರುಗಳಿಗೆ ಅದೇ ಕೆಂಪು ಬಣ್ಣ ಹಚ್ಚಿದ್ದರು.

ಅಣ್ಣ ಆಮೇಲೆ ಮಗ್ಗಕ್ಕೇ ಕುಳಿತ. ಕುಂಡ್ರುವುದಿಲ್ಲ ಎಂದು ಎದ್ದು ಹೋದವನು ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ಕುಳಿತ. ಯಾರೂ ಅವನ ಕೈಗೆ ಮತ್ತೆ ಗಾಡಿ ಕೊಡಲಿಲ್ಲ, ಅವನೂ ಕೇಳಲಿಲ್ಲ. ಎಲ್ಲಾದರೂ ಲೋಡರ್ ಕೆಲಸ ನಡೆದಿದ್ದರೆ ಮಾತ್ರ ಹೊರಗೆ ಬಂದು, ತಲೆ ಒಂದು ಕಡೆ ವಾಲಿಸಿ ಬಕೆಟ್ಟಿನ ತಳವನ್ನೇ ನೋಡುತ್ತ ನಿಲ್ಲುತ್ತಿದ್ದನಂತೆ. ನಾಗರ ಪಂಚಮಿಗೆ ಉಂಡಿ, ಸೀರೆ ತರುವುದನ್ನು ತಪ್ಪಿಸಲಿಲ್ಲ. ಆದರೆ ನಮ್ಮ ಮನೆಯ ಕಟ್ಟೆ ಹತ್ತಲಿಲ್ಲ. ಓಣಿಯ ತಿರುವಿನಲ್ಲಿ ನಿಂತು ಫೋನ್ ಮಾಡುತ್ತಿದ್ದ, "ಹೊರಗ ಬಾ." ಚೀಲ ಕೈಗಿಟ್ಟು, "ಕಾಕಾನ ಕಾಲ ಹೆಂಗೈತಿ?" ಎಂದು ಕೇಳಿ ಹೋಗುತ್ತಿದ್ದ.

ಕಾಕಾನ ಕಾಲಿಗೆ ನಾನು ಎಣ್ಣೆ ಹಚ್ಚುತ್ತಿದ್ದೆ. ಮಳೆಗಾಲದಲ್ಲಿ ಅದು ಬಹಳ ಜಗ್ಗುತ್ತದೆ. ಎರಡು ಬೆರಳಿಲ್ಲದ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹದಿನೆಂಟು ವರ್ಷ ತಿಕ್ಕಿದ್ದೇನೆ. ಓಣಿಯ ಹೆಂಗಸರು, "ಅಣ್ಣ ಮಾಡಿದ್ದನ್ನ ತಂಗಿ ತೀರಸಾಕತ್ತಾಳ, ಭಾಳ ಛಲೋ ಸೊಸಿ," ಎನ್ನುತ್ತಿದ್ದರು. ಆ ಮಾತು ಕೇಳಿಯೂ ನಾನು ಎಣ್ಣೆಯ ಬಟ್ಟಲು ಕೆಳಗಿಡಲಿಲ್ಲ. ಇದಕ್ಕಿಂತ ಕೆಟ್ಟದ್ದು ಏನಿದೆ ಹೇಳಿ.

ಹೋದ ವರ್ಷ ಅಣ್ಣ ಎದೆನೋವಿಗೆ ಹೋದ. ಶೆಡ್ಡಿನಲ್ಲೇ, ಮಗ್ಗ ನಡೆಯುತ್ತಿರುವಾಗಲೇ. ಲಗ್ನವಾಗಿರಲಿಲ್ಲ. ಹೆಣ್ಣು ಕೊಡುವವರು ಬಂದಿರಲಿಲ್ಲ, ಕುಡಿಯುವವನೆಂದು.

ದಿನಕರ್ಮದಂದು ರಬಕವಿಯ ಮನೆಯಲ್ಲಿ ಅವನ ಟ್ರಂಕನ್ನು ನಾನೇ ತೆರೆದೆ. ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಆ ಸರಳು ಇತ್ತು. ನನ್ನ ಹಸಿರು ಹಳದಿ ಪಟ್ಟೆಗಳು ಹಾಗೇ ಇದ್ದವು. ನಾನು ಹಾಕಿದ ಕೆಂಪು ಗುರುತುಗಳೂ ಇದ್ದವು. ಆದರೆ ಎರಡನೇ ಗುರುತಿನಿಂದ ಒಂದು ಬೆರಳು ಈಚೆಗೆ, ಒಂದೇ ಒಂದು ಕಡೆ, ಬಣ್ಣವನ್ನು ಉಗುರಿನಿಂದ ಕೆರೆದು ತೆಗೆದಿತ್ತು. ಕೆರೆದಲ್ಲಿ ಕೂದಲಿನಷ್ಟು ಸಣ್ಣ ಗೆರೆ. ಗರಗಸದ ಗೆರೆ. ಮೊದಲು ಗುರುತು ಹಾಕಿದ ದಿನ ನಾನು ಪರಾತ ಒಳಗೆ ಇಡಲು ಹೋದಾಗ, ಉಗುರುಬಣ್ಣ ಅಳಿಸೀತು ಎಂದು ಕಬ್ಬಿಣಕ್ಕೇ ಗುರುತು ಕೊರೆದಿರಬೇಕು. ನಾನು ಬಳಿದ ಬಣ್ಣ ಆ ಗೆರೆಯನ್ನು ತುಂಬಿಬಿಟ್ಟಿತ್ತು.

ಅಂದರೆ ಅವನಿಗೆ ಗೊತ್ತಿತ್ತು. ಬೀಮು ಬಿದ್ದ ದಿನವೇ, ಸರಳು ಬಿಚ್ಚಿ ಒಳಗೆ ಒಯ್ದಾಗಲೇ ಗೊತ್ತಾಗಿತ್ತು. ಗೊತ್ತಿದ್ದೇ ಹೊರಗೆ ಬಂದು ಹೋಳಿಗೆಗೆ ತುಪ್ಪ ಕೇಳಿದ್ದ...

ಹೊರಗೆ ಬಂಧುಗಳು ಊಟಕ್ಕೆ ಕುಳಿತಿದ್ದರು. ಮಾವನವರೂ ಬಂದಿದ್ದರು. ಅವರ ಪಂಕ್ತಿಯಲ್ಲಿ ಯಾರೋ ಅಂದರು, "ಛಲೋ ಹುಡುಗ ಇದ್ದ ನೋಡ್ರಿ. ಕುಡಿಯೂದೊಂದು ಇರಲಿಲ್ಲಂದ್ರ ಇನ್ನೂ ಇಪ್ಪತ್ತು ವರ್ಷ ಇರ್ತಿದ್ದ."

ನಾನು ಹೊರಗೆ ಬಂದೆ. ಪಂಕ್ತಿಯ ನಡುವೆ ಸರಳು ಹಿಡಿದು ನಿಂತೆ. ಹೊಡೆಯಲು ಬಂದಳು ಎಂದುಕೊಂಡರೋ ಏನೋ, ಒಬ್ಬರು ಎಲೆ ಬಿಟ್ಟು ಎದ್ದರು.

"ಕುಂಡ್ರಿ," ಎಂದೆ. "ಉಣ್ಣಕೋತ ಕೇಳ್ರಿ. ನಮ್ಮಣ್ಣ ಕುಡೀತಿದ್ದಿಲ್ಲ. ಬೀಮ್ ಕೆಡವಿದಾಂವ ಅಂವ ಅಲ್ಲ. ಈ ಗುರ್ತ ಅಳಿಸಿ ತಪ್ಪ ಗುರ್ತ ಹಾಕಿದಾಕಿ ನಾ. ಹಂಗ ಐತಿ ಅಂತ ಸುಳ್ಳ ಹೇಳಿದಾಕಿ ನಾ. ಮಾವಾರ, ನಿಮ್ಮ ಕಾಲು ಹೋಗಿದ್ದು ನನ್ನಿಂದ. ಗೊತ್ತಿದ್ದ ನಿಮ್ಮನಿಗೆ ಸೊಸಿಯಾಗಿ ಬಂದೆ."

ಯಾರೂ ಎಲೆ ಮುಟ್ಟಲಿಲ್ಲ. ಮಾವನವರು ಸರಳನ್ನು ಕೈಯಲ್ಲಿ ತೆಗೆದುಕೊಂಡು ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ನೇಕಾರನ ಹೆಬ್ಬೆರಳು, ಅದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಮೇಲೆ ಹೇಳಿದರು, "ಹದಿನೆಂಟು ವರ್ಷ ನನ್ನ ಚಹಾಕ್ಕ ಸಕ್ರಿ ಜಾಸ್ತಿ ಯಾಕ ಬೀಳಾಕತ್ತಿತ್ತು ಅಂತ ಈಗ ತಿಳೀತು."

ಅಷ್ಟೇ. ಅದನ್ನು ಕ್ಷಮೆ ಎಂದು ನಾನು ತಿಳಿದುಕೊಂಡಿಲ್ಲ. ಅಂದಿನಿಂದ ಅವರು ನನ್ನ ಕೈಯಿಂದ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುವುದಿಲ್ಲ. ಬಗ್ಗಲಾಗದೆ ಒದ್ದಾಡುತ್ತ ತಾವೇ ಹಚ್ಚಿಕೊಳ್ಳುತ್ತಾರೆ. ಗಂಡ ಮೂರು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. "ಇಷ್ಟು ವರ್ಷ ಮುಚ್ಚಿಟ್ಟೀ, ಹಂಗ ಮುಚ್ಚಿಡಾಕ ಏನಾಗಿತ್ತು? ಹೋದಾಂವ ಹೋದ. ಈಗ ಎದ್ದ ಬರ್ತಾನೇನು ಕೇಳಾಕ?" ಎಂದ.

ಬರುವುದಿಲ್ಲ. ಗೊತ್ತಿದೆ. ಅವನು ಬದುಕಿದ್ದಾಗ ಹೇಳಿದ್ದರೆ ಅದಕ್ಕೆ ಬೆಲೆ ಇರುತ್ತಿತ್ತು. ಆದರೂ ಹೇಳಿದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಓಣಿಯಲ್ಲಿ, ಈ ಓಣಿಯಲ್ಲಿ, ಲೋಕಾಪುರದಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅನ್ನಲಿ. ಅವನನ್ನು ಕುಡುಕ ಎಂದವರ ಬಾಯಿಗೆ ನನ್ನ ಹೆಸರು ಸಿಕ್ಕರೆ ಸಿಗಲಿ. ಒಂದು ಮಾತ್ರ ಆಗಿದೆ. ಹೋದ ತಿಂಗಳು ಕಟ್ಟೆಯ ಮೇಲೆ ಯಾರೋ ಹಳೆಯ ಕಥೆ ತೆಗೆದರೆ ಮಾವನವರು, "ಅಂವ ಕುಡದಿರಲಿಲ್ಲಪಾ, ಅದು ಬ್ಯಾರೆ ಸುದ್ದಿ," ಎಂದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ.

ಓಣಿಗೆ ಗರಸು ಹಾಕಲು ಬಂದ ಆ ಡ್ರೈವರನ ಮಾತಿಗೆ ಬರುತ್ತೇನೆ. ನಾನು ಒಳಗೆ ಹೋಗಿ ಸರಳು ತಂದು ಅವನಿಗೆ ತೋರಿಸಿದೆ. ಪೈಪು ಎಲ್ಲಿ ಬೆಸೆಯಬೇಕು, ಮೊದಲ ಗುರುತು ಯಾವಾಗ, ಎರಡನೆಯದು ಯಾಕೆ, ಪರಾತ ಹೇಗೆ ಇಡಬೇಕು, ಎಲ್ಲಾ ಹೇಳಿದೆ. ಅವನು ಎಂಜಿನ್ ಬಂದ್ ಮಾಡಿ ಇಳಿದು ಬಂದು ಕೇಳಿದ.

"ಯಾರ ಮಾಡಿದ್ರಿ ಅಕ್ಕಾರ ಇದನ್ನ?"

"ನಮ್ಮಣ್ಣ."

"ಬರೊಬ್ಬರಿ ತೋರಸ್ತಿತ್ತೇನ್ರಿ?"

"ಕೂದಲಷ್ಟೂ ತಪ್ಪಿರಲಿಲ್ಲ. ತಪ್ಪಿಸಿದಾಕಿ ನಾ."

ಕಟ್ಟೆಯ ಮೇಲೆ ಕುಳಿತಿದ್ದ ಮಾವನವರು ಕೋಲು ಕುಟ್ಟಿದರು. "ಅರ್ಧಾ ಓಣಿಗೆ ಕೇಳೂ ಹಂಗ ಹೇಳಬೇಕೇನವಾ?"

"ಪೂರಾ ಓಣಿ ಕೇಳ್ಲಿ ಅಂತ ಹೇಳಿದ್ನಿರಿ ಮಾವಾರ."

ಡ್ರೈವರ್ ಸರಳನ್ನು ಗೇಣಿನಿಂದ ಅಳೆದುಕೊಂಡು, ಹಿಂದಕ್ಕೆ ಕೊಟ್ಟು ಹೋದ.

ನಾನು ಒಳಗೆ ಬಂದೆ. ಮಗಳ ಉಗುರು ಇನ್ನೂ ಆರಿರಲಿಲ್ಲ, ಕೈ ಗಾಳಿಗೆ ಆಡಿಸುತ್ತ ಕುಳಿತಿದ್ದಳು. ಮುಂದೆ ಶೀಶೆಯ ಮುಚ್ಚಳ ತೆರೆದೇ ಇತ್ತು. ಈ ಸಲ ನಾನು ಹೊರಗೆ ಹೋಗಲಿಲ್ಲ. ಅವಳ ಮಗ್ಗುಲಿಗೆ ಕುಳಿತು, ಸರಳನ್ನು ತೊಡೆಯ ಮೇಲಿಟ್ಟುಕೊಂಡು, ಆ ಗರಗಸದ ಗೆರೆಗೆ ಸರಿಯಾಗಿ ಒಂದು ಕೆಂಪು ಸುತ್ತು ಎಳೆದೆ. ಬೆರಳಿಟ್ಟು ಅಳೆಯಲಿಲ್ಲ. ಗೆರೆ ಎಲ್ಲಿತ್ತೋ ಅಲ್ಲಿ ಬಣ್ಣ ಹೋಯಿತು.

"ಅವ್ವಾ, ನಿನಗ ಈ ವಾಸನಿ ಆಗಾಂಗಿಲ್ಲಲ್ಲ?" ಎಂದಳು ಮಗಳು.

"ಆಗತೈತಿ," ಎಂದೆ.

ಗುರುತು ಈಗ ತನ್ನ ಜಾಗಕ್ಕೆ ಬಂದಿದೆ. ಅದನ್ನು ನೋಡಿಕೊಂಡು ಬಕೆಟ್ ಎತ್ತುವವನು ಇಲ್ಲ.